ಟಿವಿ ಮಾರಿದೆವು, ಕೀಲಿಕೈ ಅದರೊಳಗೇ ಬಿಟ್ಟೆವು

ಮೊನ್ನೆ ಊರಿಂದ ಅಪ್ಪ ಫೋನ್ ಮಾಡಿದ್ರು. “ಲೋ, ನಮ್ಮ ಅಕೌಂಟಲ್ಲಿ ಯಾರೋ ಕಾರ್ಟೂನ್ ನೋಡ್ತಿದ್ದಾರೆ ಕಣೋ” ಅಂದ್ರು. ಆ ಮನೆಯಲ್ಲಿರೋದು ಅಪ್ಪ, ಅಮ್ಮ ಇಬ್ಬರೇ. ಮಕ್ಕಳು ಮರಿ ಯಾರೂ ಇಲ್ಲ. ಆದರೆ ಆ್ಯಪ್ ತೆರೆದರೆ ಅಮ್ಮ ಅರ್ಧ ನೋಡಿ ಬಿಟ್ಟ ಸಿನಿಮಾದ ಪಕ್ಕದಲ್ಲೇ ಕರಡಿಮರಿಯ ಕಾರ್ಟೂನ್. ದಿನಾ ಸಂಜೆ ಒಂದು ಹೊಸ ಎಪಿಸೋಡ್.

ಎಂಜಿನಿಯರಿಂಗ್ ಓದಿದವನಲ್ವಾ, ಕೂಡಲೇ ಪಾಸ್‌ವರ್ಡ್ ಬದಲಾಯಿಸಿದೆ. ಮರುದಿನ ಸಂಜೆ ಮತ್ತೆ ಕರಡಿಮರಿ! ಆಗ ನೆನಪಾಯ್ತು. ದೀಪಾವಳಿ ಎಕ್ಸ್‌ಚೇಂಜ್ ಆಫರ್‌ನಲ್ಲಿ ಹಳೇ ಸ್ಮಾರ್ಟ್ ಟಿವಿ ಕೊಟ್ಟು ಹೊಸದು ತಂದಿದ್ದೆವು. ಆ ಟಿವಿ ಈಗ ಯಾರದೋ ಮನೆಯ ಗೋಡೆ ಮೇಲಿದೆ. ಆದರೆ ಅದರೊಳಗೆ ಅಪ್ಪನ ಅಕೌಂಟ್ ಇನ್ನೂ ತೆರೆದೇ ಇದೆ.

ಪಾಸ್‌ವರ್ಡ್ ಬದಲಾದರೂ ಇದು ಹೇಗೆ ಸಾಧ್ಯ? ಉತ್ತರ ಬೇಕಾದರೆ ಮೊದಲು ಒಂದು ವಿಷಯ ತಿಳಿಯಬೇಕು. ನಿಮ್ಮ ಟಿವಿಗೆ ನಿಮ್ಮ ಪಾಸ್‌ವರ್ಡ್ ಗೊತ್ತೇ ಇರಬೇಕಾಗಿಲ್ಲ.

ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಒತ್ತುತ್ತಾ ಪಾಸ್‌ವರ್ಡ್ ಹಾಕಿದವರಿಗೆ ಅದರ ಕಷ್ಟ ಗೊತ್ತು. ಅದಕ್ಕೇ ಕಂಪನಿಗಳು ಬೇರೆ ದಾರಿ ಕಂಡುಕೊಂಡವು. ಟಿವಿ ಪರದೆ ಮೇಲೆ ಒಂದು ಚಿಕ್ಕ ಕೋಡ್ ಬರುತ್ತದೆ, ಅಥವಾ ಕ್ಯೂಆರ್ ಚೌಕ. ಅದನ್ನು ನಿಮ್ಮ ಫೋನಿನಲ್ಲಿ ಹಾಕಿದರೆ ಮುಗೀತು, ಟಿವಿ ತೆರೆದುಕೊಳ್ಳುತ್ತದೆ. ಈ ವಿಧಾನಕ್ಕೆ 2019ರಲ್ಲಿ ಆರ್‌ಎಫ್‌ಸಿ 8628 ಎಂಬ ಹೆಸರಿನಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡವೇ ಬಂತು.

ಒಳಗೆ ನಡೆಯೋದು ಇಷ್ಟು. ಟಿವಿ ಮೊದಲು ಕಂಪನಿಯ ಸರ್ವರ್‌ಗೆ “ನಾನೊಂದು ಹೊಸ ಟಿವಿ, ಒಳಗೆ ಬರಬೇಕು” ಅನ್ನುತ್ತದೆ. ಸರ್ವರ್ ಎರಡು ಕೋಡ್ ಕೊಡುತ್ತದೆ. ಚಿಕ್ಕದು ನಿಮಗೆ ಕಾಣಿಸಲಿಕ್ಕೆ. ಉದ್ದದ್ದು ಟಿವಿಯೊಳಗಿನ ಗುಟ್ಟು. ನೀವು ಫೋನಿನಲ್ಲಿ ಕೋಡ್ ಹಾಕುವ ತನಕ ಟಿವಿ ಸುಮ್ಮನಿರಲ್ಲ. ಐದೈದು ಸೆಕೆಂಡಿಗೊಮ್ಮೆ “ಯಜಮಾನ್ರು ಒಪ್ಪಿದ್ರಾ?” ಅಂತ ಸರ್ವರನ್ನು ಕೇಳುತ್ತಲೇ ಇರುತ್ತದೆ. ನೀವು ಒಪ್ಪಿಗೆ ಕೊಟ್ಟ ಕೂಡಲೇ ಸರ್ವರ್ ಟಿವಿಗೆ ಒಂದು ಟೋಕನ್ ಕೊಡುತ್ತದೆ.

ಈ ಚಿಕ್ಕ ಕೋಡಿನಲ್ಲೂ ಲೆಕ್ಕಾಚಾರ ಇದೆ. ಆಕಸ್ಮಿಕವಾಗಿ ಯಾವುದೋ ಕೆಟ್ಟ ಪದ ಆಗಿಬಿಡಬಾರದು ಅಂತ ಇಂಗ್ಲಿಷಿನ ಸ್ವರಾಕ್ಷರಗಳನ್ನು ಬಿಟ್ಟು 20 ವ್ಯಂಜನಗಳನ್ನಷ್ಟೇ ಬಳಸಬಹುದು ಎಂದು ಆ ಮಾನದಂಡ ಸೂಚಿಸುತ್ತದೆ. ಎಂಟು ಅಕ್ಷರದ ಕೋಡ್ ಆದರೆ 2,560 ಕೋಟಿ ಸಾಧ್ಯತೆಗಳು. ಮೇಲಾಗಿ ಸ್ವಲ್ಪ ಹೊತ್ತಿನಲ್ಲೇ ಕೋಡಿನ ಅವಧಿ ಮುಗಿಯುತ್ತದೆ. ಊಹೆ ಮಾಡಿ ಒಳಗೆ ನುಗ್ಗುವುದು ಸುಲಭವಲ್ಲ.

ಟೋಕನ್ ಅಂದರೆ ಬಸ್ ಪಾಸ್ ಇದ್ದ ಹಾಗೆ. ಪಾಸ್ ಮಾಡಿಸುವಾಗ ಒಮ್ಮೆ ದಾಖಲೆ ತೋರಿಸುತ್ತೀರಿ. ಆಮೇಲೆ ದಿನಾ ಪಾಸ್ ತೋರಿಸಿದರೆ ಸಾಕು. ಅಪ್ಪನ ಹಳೇ ಟಿವಿ ತೋರಿಸುತ್ತಿದ್ದದ್ದು ಆ ಪಾಸನ್ನು. ನಾನು ಬದಲಾಯಿಸಿದ್ದು ಪಾಸ್‌ವರ್ಡ್ ಮಾತ್ರ, ಕೊಟ್ಟ ಪಾಸನ್ನು ರದ್ದು ಮಾಡಿರಲಿಲ್ಲ! ಕೆಲವು ಸೇವೆಗಳು ಪಾಸ್‌ವರ್ಡ್ ಬದಲಾದ ಕೂಡಲೇ ಎಲ್ಲ ಸಾಧನಗಳನ್ನೂ ಹೊರಹಾಕುತ್ತವೆ. ಕೆಲವು ನಿಮ್ಮನ್ನು ಕೇಳುತ್ತವೆ, ನೀವು ಆ ಗುರುತು ಒತ್ತಬೇಕು. ನಾನು ಅವಸರದಲ್ಲಿ ಒತ್ತಿರಲಿಲ್ಲ.

ಟೋಕನ್ ನಿಮ್ಮ ಅಕೌಂಟಿನ ಗುರುತು. ಟಿವಿಗೆ ಅದರದ್ದೇ ಇನ್ನೊಂದು ಗುರುತಿದೆ. ಕಾರ್ಖಾನೆಯಲ್ಲೇ ಅದರೊಳಗೆ ಒಂದು ರಹಸ್ಯ ಕೀಲಿ ಸೇರಿಸಿರುತ್ತಾರೆ. ಗೂಗಲ್‌ನ ವೈಡ್‌ವೈನ್ ಇಂಥ ಒಂದು ವ್ಯವಸ್ಥೆ. ಅದರಲ್ಲಿ ಎಲ್1 ಅಂದರೆ ಬೀಗ ಹಾಕಿದ ವಿಡಿಯೊ ತೆರೆದುಕೊಳ್ಳುವುದು ಚಿಪ್‌ನ ಸುರಕ್ಷಿತ ಭಾಗದಲ್ಲಿ. ಎಲ್3 ಅಂದರೆ ಬರೀ ಸಾಫ್ಟ್‌ವೇರ್‌ನಲ್ಲಿ. ಎಲ್3 ಸಾಧನಕ್ಕೆ ಹಲವು ಸೇವೆಗಳು ಎಚ್‌ಡಿ ಕೊಡುವುದಿಲ್ಲ. ‘4ಕೆ’ ಎಂದು ಬರೆದ ಅಗ್ಗದ ಬಾಕ್ಸ್ ತಂದು, ಚಿತ್ರ ಮಬ್ಬಾಗಿದೆ ಅಂತ ಇಂಟರ್ನೆಟ್‌ನವರನ್ನು ಬೈಯುವ ಮೊದಲು ಇದನ್ನೊಮ್ಮೆ ನೋಡಿ.

ಮೂರನೆಯದು, ಮನೆಯ ಗುರುತು. 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂದು ಟ್ವೀಟ್ ಮಾಡಿದ್ದ ನೆಟ್‌ಫ್ಲಿಕ್ಸ್, 2023ರ ಜುಲೈನಲ್ಲಿ ಭಾರತದಲ್ಲೂ ‘ಒಂದು ಅಕೌಂಟ್ ಒಂದು ಮನೆಗೆ’ ಅಂದಿತು. ಒಂದೇ ಮನೆ ಅಂತ ಹೇಗೆ ಗೊತ್ತಾಗುತ್ತದೆ? ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸ, ಸಾಧನದ ಗುರುತಿನ ಸಂಖ್ಯೆ, ಅಕೌಂಟಿನ ಚಟುವಟಿಕೆ, ಈ ಮೂರನ್ನೂ ಜೋಡಿಸಿ ನೋಡುತ್ತೇವೆ ಎನ್ನುತ್ತದೆ ಕಂಪನಿ.

ಸರಿ, ಯಾವುದೋ ಮಗು ನಮ್ಮ ಖರ್ಚಿನಲ್ಲಿ ನಾಲ್ಕು ಕಾರ್ಟೂನ್ ನೋಡಿದರೆ ನಷ್ಟ ಏನು ಅಂತೀರಾ? ನಷ್ಟ ಅಲ್ಲಿಲ್ಲ. ಆತಂಕ ಇರೋದು ಆ ಚಿಕ್ಕ ಕೋಡಿನಲ್ಲಿ.

ಕೋಡ್ ಹಾಕಿದಾಗ ನೀವು ಅನುಮತಿ ಕೊಡುವುದು ಯಾವ ಟಿವಿಗೆ? ನಿಮ್ಮ ಕಣ್ಣೆದುರಿನ ಟಿವಿಗೆ ಅಲ್ಲ. ಆ ಕೋಡ್ ಕೇಳಿ ಪಡೆದ ಸಾಧನಕ್ಕೆ! ಅದು ಎಲ್ಲೋ ಕೂತ ಕಳ್ಳನ ಲ್ಯಾಪ್‌ಟಾಪ್ ಕೂಡ ಆಗಿರಬಹುದು. ಅವನು ಕೋಡ್ ಪಡೆದು, ನಿಮಗೆ ಫೋನ್ ಮಾಡಿ “ಸಾರ್, ನಿಮ್ಮ ಟಿವಿ ಅಪ್‌ಡೇಟ್ ಆಗ್ತಿದೆ, ಈ ಕೋಡ್ ಹಾಕಿ” ಅಂತಾನೆ. ನೀವು ಹಾಕುವ ವೆಬ್‌ಸೈಟ್ ಅಸಲಿ. ಪಾಸ್‌ವರ್ಡನ್ನೂ ಹೇಳಿಲ್ಲ, ಒಟಿಪಿಯನ್ನೂ ಹೇಳಿಲ್ಲ. ಆದರೂ ಬಾಗಿಲು ತೆರೆದಿದ್ದೀರಿ. ಸಿನಿಮಾ ಅಕೌಂಟಿನ ಮಟ್ಟಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಚೇರಿಯ ಇಮೇಲ್ ಅಕೌಂಟಿಗೂ ಇದೇ ವಿಧಾನ ಬಳಕೆಯಲ್ಲಿದೆ. ಇದೇ ಉಪಾಯದಿಂದ ಸರ್ಕಾರಿ, ಖಾಸಗಿ ಸಂಸ್ಥೆಗಳ ಅಕೌಂಟುಗಳಿಗೆ ಕನ್ನ ಹಾಕಲಾಗುತ್ತಿದೆ ಅಂತ 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಎಚ್ಚರಿಸಿತು.

ಒಟಿಪಿ ಯಾರಿಗೂ ಹೇಳಬಾರದು ಅಂತ ನಾವೆಲ್ಲ ಕಲಿತಿದ್ದೇವೆ. ಬೇರೆಯವರು ಹೇಳಿದ ಕೋಡನ್ನು ನಾವು ಹಾಕಬಾರದು ಅನ್ನೋದನ್ನು ಇನ್ನೂ ಕಲಿತಿಲ್ಲ.

ಹಾಗಾಗಿ ಇವತ್ತು ರಾತ್ರಿ ಒಂದು ಹತ್ತು ನಿಮಿಷ ಕೊಡಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಾಧನಗಳ ಪಟ್ಟಿ ತೆರೆಯಿರಿ. ಗುರುತು ಸಿಗದ್ದನ್ನೆಲ್ಲ ಸೈನ್‌ ಔಟ್ ಮಾಡಿ. ಹಳೇ ಟಿವಿ ಕೊಡುವ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ. ನಿಮ್ಮ ಕಣ್ಣೆದುರಿನ ಪರದೆಯಲ್ಲಿ ಕಂಡ ಕೋಡನ್ನು ಮಾತ್ರ ಹಾಕಿ. ಟಿವಿ ಶುರು ಮಾಡಿಕೊಡ್ತೀವಿ ಅಂತ ಯಾರಾದರೂ ಫೋನಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಕೊಟ್ಟು ಮೋಸ ಹೋಗಿದ್ದರೆ ನಾಚಿಕೆ ಬೇಡ, ತಡ ಮಾಡದೆ 1930ಕ್ಕೆ ಕರೆ ಮಾಡಿ.

ಅಪ್ಪನ ಹಳೇ ಟಿವಿಯನ್ನು ನಾನು ಬೆಂಗಳೂರಲ್ಲಿ ಕೂತೇ ಹೊರಹಾಕಿದೆ. ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ, ಆ ಮಗುಗೆ ಇವತ್ತು ಕರಡಿ ಬರಲ್ವೇನೋ” ಅಂದ್ರು. ಬರಲ್ಲ ಅಪ್ಪ, ಅಂದೆ. ಇಂಥ ಮನಸ್ಸಿನ ಹಿರಿಯರು ನಿಮ್ಮ ಮನೆಯಲ್ಲೂ ಇರ್ತಾರೆ. ಯಾರಾದರೂ ಫೋನ್ ಮಾಡಿ ಮೆತ್ತಗೆ ಕೇಳಿದರೆ ಕೋಡ್ ಹಾಕಿಬಿಡ್ತಾರೆ. ಆ ಹತ್ತು ನಿಮಿಷ ಅವರ ಪಕ್ಕದಲ್ಲೇ ಕೂತು ಕೊಡಿ.