ಬೀಟ್‌ರೂಟ್ ಯಾಕೆ ಬಣ್ಣ ಬಿಡುತ್ತದೆ?

ಪಿಯುಸಿ ಮಕ್ಕಳಿಗೆ ಜೀವಕೋಶದ ಪೊರೆಯ ಪಾಠ ಶುರು ಮಾಡುವ ಮೊದಲು ನಾನು ಬೀಟ್‌ರೂಟ್ ಹೆಚ್ಚುತ್ತೇನೆ. ಹೋಳುಗಳನ್ನು ಚೆನ್ನಾಗಿ ತೊಳೆದು ಅರ್ಧ ತಣ್ಣೀರಿಗೆ, ಅರ್ಧ ಕುದಿಯುವ ನೀರಿಗೆ. ತಣ್ಣೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ, ಬಿಸಿನೀರು ಕೆಂಪಾಗುತ್ತದೆ. ಬಣ್ಣವನ್ನು ಒಳಗೆ ಹಿಡಿದಿಟ್ಟಿದ್ದ ಪೊರೆ ಶಾಖಕ್ಕೆ ಹಾಳಾಗಿರುತ್ತದೆ.

ಇಂಥ ಹತ್ತು ಸಾವಿರ ಪೊರೆಗಳನ್ನು ಪೇರಿಸಿದರೆ ಒಂದು ಕೂದಲೆಳೆಯಷ್ಟು ದಪ್ಪವಾದೀತು. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಪದರ ಅದು: ನೀರಿಗೆ ಒಗ್ಗುವ ತಲೆಗಳು ಹೊರಮುಖವಾಗಿ, ಒಗ್ಗದ ಬಾಲಗಳು ನಡುವೆ. 1925ರಲ್ಲಿ ನೆದರ್ಲೆಂಡ್ಸ್‌ನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ಹರಡಿ, ಕಣಗಳ ಮೇಲ್ಮೈಯ ಎರಡರಷ್ಟು ಜಾಗ ತುಂಬಿದ್ದನ್ನು ಕಂಡರು. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು. ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಬಂತು! ನಾನಾಗಿದ್ದರೆ ಅಂಕ ಕತ್ತರಿಸುತ್ತಿದ್ದೆ.

ಆದರೆ ಬರೀ ಕೊಬ್ಬನ್ನು ದಾಟಿ ಉಪ್ಪು, ಸಕ್ಕರೆ ಒಳಹೋಗಲಾರವು. ಅದಕ್ಕೆ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳು ಬೇಕು. ಸಣ್ಣ ಕರುಳಿನ ಒಂದು ಪ್ರೋಟೀನು ಸೋಡಿಯಂ, ಗ್ಲೂಕೋಸ್ ಎರಡನ್ನೂ ಜೊತೆಯಾಗಿಯೇ ಒಳಗೆಳೆಯುತ್ತದೆ. ನೀರು ಅವುಗಳ ಹಿಂದೆಯೇ ಬರುತ್ತದೆ. ಕಾಲರಾ ಬಂದಾಗಲೂ ಈ ದಾರಿ ತೆರೆದೇ ಇರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು–ಗ್ಲೂಕೋಸ್ ದ್ರಾವಣ ಕುಡಿಸಿ ಬಹಳ ಜನರನ್ನು ಉಳಿಸಿದ್ದು ಇದೇ ಬಲದಿಂದ.

ಮಗುವಿಗೆ ಭೇದಿಯಾದಾಗ, ಇದೇ ಬಗೆಯ ಉಪ್ಪು–ಗ್ಲೂಕೋಸ್ ಮಿಶ್ರಣವಾದ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ರುಚಿಗೆಂದು ಇನ್ನಷ್ಟು ಸಕ್ಕರೆ ಹಾಕಬೇಡಿ.