ಕಾರ್ಯಸ್ಥಾನದ ದೂರವಾಣಿ: ಡಿಜಿಟಲ್ ಪದ್ಧತಿಯೋ, ಅಂತರ್ಜಾಲ ಪದ್ಧತಿಯೋ?

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ದೂರವಾಣಿಗೆ ಪೇಟೆಂಟ್ ಪಡೆದ ಮೇಲೆ, ಆ ಸಾಧನವು ನಮ್ಮ ನಾಡಿನ ಗ್ರಾಮಗಳನ್ನು ಸರಾಗವಾಗಿ ಮುಟ್ಟಲು ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಗ್ರಾಮೀಣ ಪ್ರದೇಶಕ್ಕೆಂದೇ ರೂಪಿಸಿದ ಡಿಜಿಟಲ್ ವಿನಿಮಯ ಕೇಂದ್ರವು 1986ರಲ್ಲಿ ಮೊಟ್ಟಮೊದಲಿಗೆ ನೆಲೆಗೊಂಡದ್ದು ಕಿತ್ತೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಹವಾನಿಯಂತ್ರಣವಿಲ್ಲದೆ, ಬಿಸಿಲು ಧೂಳುಗಳನ್ನು ತಾಳಿಕೊಂಡು ನಡೆಯಬೇಕೆಂಬುದೇ ಅದರ ರಚನೆಯ ಮೂಲೋದ್ದೇಶವಾಗಿತ್ತು. ಯಂತ್ರವು ಸ್ಥಳಕ್ಕೆ ಒಗ್ಗಬೇಕೆಂಬ ಈ ವಿವೇಕವು ಇಂದು ದೂರವಾಣಿ ವ್ಯವಸ್ಥೆಯನ್ನು ಆರಿಸುವವರಿಗೂ ಅಗತ್ಯವಾದುದು.

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಂತಹ ಕಾರ್ಯಸ್ಥಾನವನ್ನು ಉದಾಹರಣೆಯಾಗಿ ಭಾವಿಸಬಹುದು. ಕಬ್ಬಿನ ತೂಕದ ಸ್ಥಳ, ನುರಿಸುವ ಯಂತ್ರಗಳು, ಬಾಯ್ಲರ್, ಉಗ್ರಾಣ, ಕಚೇರಿ, ನೌಕರರ ವಸತಿಗಳು ಒಂದೇ ಸೂರಿನಡಿ ಇರುವಂಥವಲ್ಲ. ಹಂಗಾಮಿನಲ್ಲಿ ಹಗಲಿರುಳೂ ಕೆಲಸ ಸಾಗುತ್ತದೆ. ಇಂಥಲ್ಲಿ ದೂರವಾಣಿಯು ಕೇವಲ ಅನುಕೂಲವಲ್ಲ. ಅವಘಡದ ಗಳಿಗೆಯಲ್ಲಿ ಜೀವರಕ್ಷಕ.

ಎರಡೂ ಪದ್ಧತಿಗಳಲ್ಲಿ ಧ್ವನಿಯು ಅಂಕಿಗಳಾಗಿಯೇ ಮಾರ್ಪಡುತ್ತದೆ. ಸಾಮಾನ್ಯ ಕ್ರಮದಲ್ಲಿ ಸೆಕೆಂಡಿಗೆ 8,000 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ; ಹೀಗೆ ಒಂದು ಕರೆಗೆ ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ಭೇದವಿರುವುದು ಸಾಗಣೆಯಲ್ಲಿ. ಡಿಜಿಟಲ್ ಪದ್ಧತಿಯಲ್ಲಿ ಕರೆ ಮುಗಿಯುವವರೆಗೂ ಒಂದು ಹಾದಿ ಅದಕ್ಕೇ ಮೀಸಲು. ಕಾಲುವೆಯ ನೀರಿನ ಪಾಳಿಯಂತೆ, ಬಳಸಿದರೂ ಬಳಸದಿದ್ದರೂ ಆ ಪಾಳಿ ಅವರದೇ. ಅಂತರ್ಜಾಲ ಪದ್ಧತಿಯಲ್ಲಾದರೋ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಸಣ್ಣ ತುಣುಕುಗಳಾಗಿ ಕಟ್ಟಿ, ವಿಳಾಸ ಬರೆದು, ಇತರ ಮಾಹಿತಿಯೊಡನೆ ಒಂದೇ ದಾರಿಯಲ್ಲಿ ಕಳುಹಿಸಲಾಗುತ್ತದೆ. ಹಂಗಾಮಿನ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿದಂತೆ ಈ ದಾರಿಯೂ ಕಿಕ್ಕಿರಿಯಬಹುದು. ತಡವಾಗಿ ಬಂದ ಕಬ್ಬನ್ನು ತೂಗಬಹುದು. ತಡವಾಗಿ ಬಂದ ಧ್ವನಿಯ ತುಣುಕು ನಿರುಪಯುಕ್ತ. ಆದ್ದರಿಂದ ಜಾಲದಲ್ಲಿ ಧ್ವನಿಗೆ ಅಗ್ರಸ್ಥಾನ ಕೊಡುವ ಏರ್ಪಾಡು ಅವಶ್ಯ. ವಿಳಾಸದ ಹೊರೆಯೂ ಸೇರಿ ಈ ಕ್ರಮದ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸುಮಾರು 87 ಕಿಲೋಬಿಟ್ ಬೇಕು. ಏಕಕಾಲದ 20 ಕರೆಗಳಿಗೆ ಸುಮಾರು ಒಂದೂಮುಕ್ಕಾಲು ಮೆಗಾಬಿಟ್ ಸಾಕು.

ಆಯ್ಕೆಗೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು ನಾಲ್ಕು. ಮೊದಲನೆಯದು ತಂತಿ. ಅಂತರ್ಜಾಲ ದೂರವಾಣಿಗೆ ಬೇಕಾದ ಈಥರ್ನೆಟ್ ತಾಮ್ರದ ತಂತಿಯ ಮಿತಿ 100 ಮೀಟರ್. ಅದಕ್ಕೂ ದೂರಕ್ಕೆ ನಡುವೆ ಸ್ವಿಚ್ಚುಗಳನ್ನೋ ಆಪ್ಟಿಕಲ್ ಫೈಬರನ್ನೋ ಹೂಡಬೇಕು. ಹಳೆಯ ಜೋಡಿ ತಂತಿಯು ಇದಕ್ಕಿಂತ ಹಲವು ಪಟ್ಟು ದೂರ ಮುಟ್ಟುತ್ತದೆ. ಆದರೆ ಸಿಡಿಲಿನ ಆಘಾತವನ್ನು ತಾಮ್ರವು ಯಂತ್ರದವರೆಗೆ ಒಯ್ಯಬಲ್ಲುದು, ಫೈಬರಿನ ಗಾಜಿನ ಎಳೆಯು ಒಯ್ಯಲಾರದು.

ಎರಡನೆಯದು ವಿದ್ಯುತ್ತು. ಡಿಜಿಟಲ್ ವಿನಿಮಯ ಯಂತ್ರದ ಬಳಿ ಬ್ಯಾಟರಿಗಳಿದ್ದರೆ ಅದರ ತಂತಿಯಿಂದಲೇ ಶಕ್ತಿ ಪಡೆಯುವ ದೂರವಾಣಿಗಳೆಲ್ಲ ಜೀವಂತವಾಗಿರುತ್ತವೆ. ಅಂತರ್ಜಾಲ ಪದ್ಧತಿಯಲ್ಲಿ ದಾರಿಯ ಪ್ರತಿಯೊಂದು ಸ್ವಿಚ್ಚಿಗೂ ಬ್ಯಾಟರಿಯ ಆಸರೆ ಬೇಕು.

ಮೂರನೆಯದು ಮತ್ತು ಅತಿ ಮುಖ್ಯವಾದುದು, ಕರೆಗಳನ್ನು ಜೋಡಿಸುವ ಯಂತ್ರವಿರುವ ಸ್ಥಳ. ಅದು ದೂರದ ನಗರದಲ್ಲಿದ್ದು ನಡುವಿನ ಸಂಪರ್ಕ ಕಡಿದುಹೋದರೆ, ಬಾಯ್ಲರಿನ ಕೆಲಸಗಾರನು ಆವರಣದೊಳಗಿನ ಚಿಕಿತ್ಸಾಲಯವನ್ನು ಸಹ ಕರೆಯಲಾರದೆ ಹೋಗಬಹುದು. ಕೂಗಳತೆಯ ನೆರವು ಕೈಗೆಟುಕದಂತಾಗುವುದು ಸಣ್ಣ ದೋಷವಲ್ಲ.

ನಾಲ್ಕನೆಯದು ಮುಂದಿನ ದಿನಗಳ ಚಿಂತೆ. ಲೋಕದ ಒಲವು ಅಂತರ್ಜಾಲದ ಕಡೆಗಿದೆ. ಬ್ರಿಟನ್ನಿನಲ್ಲಿ ಹಳೆಯ ಸಾರ್ವಜನಿಕ ದೂರವಾಣಿ ಜಾಲವನ್ನು ಮುಚ್ಚಲು 2027ರ ಜನವರಿಯನ್ನು ಗಡುವಾಗಿ ನಿಗದಿಪಡಿಸಲಾಗಿದೆ. ಬಿಡಿಭಾಗ ದೊರೆಯದ ಯಂತ್ರ ಇಂದು ಅಗ್ಗವೆನಿಸಿದರೂ ನಾಳೆ ದುಬಾರಿಯಾದೀತು.

ಇವನ್ನೆಲ್ಲ ತೂಗಿ ನೋಡಿದರೆ, ಹೊಸ ಕಟ್ಟಡಕ್ಕೆ ಅಂತರ್ಜಾಲ ಪದ್ಧತಿಯೇ ಲೇಸು. ಸುಸ್ಥಿತಿಯ ತಂತಿಗಳಿರುವ ಹಳೆಯ ಆವರಣಕ್ಕೆ ಎರಡನ್ನೂ ಬೆಸೆಯುವ ಮಿಶ್ರ ವಿನಿಮಯ ಯಂತ್ರ ಮಿತವ್ಯಯದ ಮಾರ್ಗ. ಯಾವುದನ್ನೇ ಆರಿಸಲಿ, ಒಳಗಿನ ಕರೆಗಳನ್ನು ಜೋಡಿಸುವ ಯಂತ್ರವು ಆವರಣದಲ್ಲಿಯೇ ಇರಬೇಕು. ಹೊರಜಗತ್ತಿಗೆ ಒಂದಲ್ಲ, ಬೇರೆ ಬೇರೆ ಮಾರ್ಗದ ಎರಡು ಸಂಪರ್ಕಗಳಿರಬೇಕು. ವಿದ್ಯಾರ್ಥಿನಿಲಯವುಳ್ಳ ಶಾಲೆಗೂ, ಆಸ್ಪತ್ರೆಗೂ ಈ ನಿಯಮ ಅನ್ವಯಿಸುತ್ತದೆ. ಖರೀದಿಗೆ ಮುನ್ನ ಮಾರಾಟಗಾರರ ಸಮ್ಮುಖದಲ್ಲಿ ವಿದ್ಯುತ್ತನ್ನೂ ಹೊರಗಿನ ಸಂಪರ್ಕವನ್ನೂ ಕಡಿದು, ಆವರಣದ ಒಂದು ಮೂಲೆಯಿಂದ ಇನ್ನೊಂದಕ್ಕೆ ಕರೆ ಮಾಡಿಸಿ ನೋಡುವುದು ಉಚಿತ. ಗಂಟೆ ಬಾರಿಸಿದರೆ ಮಾತ್ರ ಹಣ ಸಂದಾಯವಾಗಲಿ.