ರಾಷ್ಟ್ರಪತಿ ಚುನಾವಣೆ: ಸಣ್ಣ ಪಕ್ಷಗಳು ಅಭ್ಯರ್ಥಿಯನ್ನು ಆರಿಸುವ ಬಗೆ

ಭಾರತದ ರಾಷ್ಟ್ರಪತಿಯವರನ್ನು ಜನತೆ ನೇರವಾಗಿ ಆರಿಸುವುದಿಲ್ಲ. ವಿಶಾಖಪಟ್ಟಣದ ಸಮೀಪದ ಪರವಾಡದ ಮತದಾರರಾಗಲಿ, ವಿಜಯವಾಡದ ಅಥವಾ ಕಲಬುರಗಿಯ ಮತದಾರರಾಗಲಿ ಈ ಚುನಾವಣೆಯಲ್ಲಿ ಮತಗಟ್ಟೆಗೆ ಹೋಗುವುದಿಲ್ಲ. ಅವರು ಚುನಾಯಿಸಿ ಕಳುಹಿಸಿದ ಶಾಸಕರು ಮತ್ತು ಸಂಸತ್ ಸದಸ್ಯರು ಅವರ ಪರವಾಗಿ ಮತ ನೀಡುತ್ತಾರೆ. ಆದುದರಿಂದ ಈ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಪಾತ್ರ ಮಹತ್ತರವಾದುದು. ಬೆರಳೆಣಿಕೆಯಷ್ಟು ಸದಸ್ಯರನ್ನುಳ್ಳ ಸಣ್ಣ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸುತ್ತದೆ, ಗೆಲ್ಲುವ ಬಲವಿಲ್ಲದಿದ್ದರೂ ಏಕೆ ಆರಿಸುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮತದ ಮೌಲ್ಯ

ಸಂವಿಧಾನದ 54ನೆಯ ಅನುಚ್ಛೇದದಂತೆ ಸಂಸತ್ತಿನ ಉಭಯ ಸದನಗಳ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ ಮತದಾರರು. ನಾಮಕರಣಗೊಂಡ ಸದಸ್ಯರಿಗೂ ವಿಧಾನ ಪರಿಷತ್ತಿನ ಸದಸ್ಯರಿಗೂ ಮತಾಧಿಕಾರವಿಲ್ಲ. ಶಾಸಕರ ಮತದ ಮೌಲ್ಯವನ್ನು ರಾಜ್ಯದ ಜನಸಂಖ್ಯೆಯ ಆಧಾರದ ಮೇಲೆ ಗೊತ್ತುಪಡಿಸಲಾಗುತ್ತದೆ. 1971ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 2,92,99,014. ಇದನ್ನು 224 ಶಾಸಕ ಸ್ಥಾನಗಳಿಂದಲೂ, ಬಳಿಕ ಸಾವಿರದಿಂದಲೂ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ 131 ಎಂದಾಗುತ್ತದೆ. 2022ರ ಚುನಾವಣೆಯಲ್ಲಿ ಆಂಧ್ರಪ್ರದೇಶದ ಶಾಸಕರ ಮತದ ಮೌಲ್ಯ 159 ಆಗಿದ್ದಿತು. ಪರವಾಡವನ್ನೊಳಗೊಂಡ ಪೆಂದುರ್ತಿ ಕ್ಷೇತ್ರದ ಶಾಸಕರ ಮತಕ್ಕೂ ಅಷ್ಟೇ ತೂಕ. ಆ ವರ್ಷ ಸಂಸತ್ ಸದಸ್ಯರ ಮತದ ಮೌಲ್ಯ 700.

ಸಣ್ಣ ಪಕ್ಷವೊಂದು ಮೊದಲು ಮಾಡುವ ಕೆಲಸ ಈ ಲೆಕ್ಕವೇ. ತನ್ನ ಸದಸ್ಯರ ಮತಗಳ ಒಟ್ಟು ಮೌಲ್ಯವೆಷ್ಟು, ಜೊತೆಗೂಡಬಹುದಾದ ಇತರ ಪಕ್ಷಗಳ ಬಲವೆಷ್ಟು ಎಂಬುದು ತಿಳಿದ ಮೇಲೆಯೇ ಹೆಸರುಗಳ ಪರಿಶೀಲನೆ ಆರಂಭವಾಗುತ್ತದೆ.

ನೂರು ಮಂದಿಯ ಬೆಂಬಲ

ಅಭ್ಯರ್ಥಿಯನ್ನು ಪಕ್ಷ ಹೇಗೆ ಆರಿಸಬೇಕೆಂದು ಯಾವ ಕಾನೂನೂ ವಿಧಿಸಿಲ್ಲ. ಪಕ್ಷದ ಕಾರ್ಯಕಾರಿ ಸಮಿತಿ, ಸಂಸದೀಯ ಮಂಡಳಿ ಅಥವಾ ಪಾಲಿಟ್ ಬ್ಯೂರೋದಂತಹ ಮೇಲಿನ ಸಮಿತಿಯೇ ಸಾಮಾನ್ಯವಾಗಿ ಈ ನಿರ್ಧಾರವನ್ನು ಕೈಗೊಳ್ಳುತ್ತದೆ. ಆದರೆ ಆ ನಿರ್ಧಾರ ನಾಮಪತ್ರವಾಗಿ ಅಂಗೀಕಾರವಾಗಬೇಕಾದರೆ ಕಾನೂನಿನ ನಿಬಂಧನೆಗಳನ್ನು ಪೂರೈಸಬೇಕು. ಅಭ್ಯರ್ಥಿಯು ಭಾರತದ ಪ್ರಜೆಯಾಗಿದ್ದು, 35 ವರ್ಷ ತುಂಬಿದವರಾಗಿರಬೇಕು; ಲೋಕಸಭೆಯ ಸದಸ್ಯತ್ವಕ್ಕೆ ಅರ್ಹರಾಗಿರಬೇಕು; ಲಾಭದಾಯಕ ಹುದ್ದೆಯಲ್ಲಿ ಇರಕೂಡದು.

1952ರ ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಚುನಾವಣಾ ಅಧಿನಿಯಮದ ಮೂಲರೂಪದಲ್ಲಿ ಒಬ್ಬ ಸೂಚಕರು ಹಾಗೂ ಒಬ್ಬ ಅನುಮೋದಕರು ಸಹಿ ಮಾಡಿದರೆ ಸಾಕಾಗಿದ್ದಿತು. ಗೆಲುವಿನ ಸಾಧ್ಯತೆಯೇ ಇಲ್ಲದ ಅಭ್ಯರ್ಥಿಗಳ ಸಂಖ್ಯೆ ಹೆಚ್ಚಿತು. 1967ರಲ್ಲಿ ಕಣದಲ್ಲಿ ಉಳಿದವರು 17 ಮಂದಿ. ಆದುದರಿಂದ 1974ರಲ್ಲಿ ತಲಾ ಹತ್ತು ಸೂಚಕರು ಹಾಗೂ ಅನುಮೋದಕರು ಬೇಕೆಂದು ತಿದ್ದುಪಡಿ ಮಾಡಲಾಯಿತು. 1997ರಲ್ಲಿ ಈ ಸಂಖ್ಯೆಯನ್ನು ತಲಾ 50ಕ್ಕೂ, ಠೇವಣಿಯನ್ನು 15,000 ರೂಪಾಯಿಗಳಿಗೂ ಏರಿಸಲಾಯಿತು. ಒಬ್ಬ ಮತದಾರರು ಒಂದಕ್ಕಿಂತ ಹೆಚ್ಚು ನಾಮಪತ್ರಗಳಿಗೆ ಸಹಿ ಮಾಡುವಂತಿಲ್ಲ. ನೂರು ಮಂದಿ ಶಾಸಕರು ಮತ್ತು ಸಂಸದರಿಲ್ಲದ ಪಕ್ಷ ಅನ್ಯ ಪಕ್ಷಗಳ ಬಾಗಿಲು ತಟ್ಟಲೇಬೇಕು. ಹೀಗಾಗಿ ತನ್ನವರಿಗಷ್ಟೇ ಪ್ರಿಯರಾದವರನ್ನಲ್ಲದೆ, ಇತರರಿಗೂ ಸಮ್ಮತರಾದವರನ್ನು ಅದು ಅರಸಬೇಕಾಗುತ್ತದೆ.

ಪಕ್ಷದ ಹೊರಗಿನ ಗಣ್ಯರು

ಈ ಕಾರಣದಿಂದಲೇ ಸಣ್ಣ ಪಕ್ಷಗಳು ಅನೇಕ ವೇಳೆ ರಾಜಕೀಯದ ಹೊರಗಿನ ಗಣ್ಯರನ್ನು ಆರಿಸಿವೆ. 1967ರಲ್ಲಿ ವಿರೋಧ ಪಕ್ಷಗಳು ಆಂಧ್ರಪ್ರದೇಶದ ರಾಜಮಹೇಂದ್ರಿಯವರಾದ ಕೋಕಾ ಸುಬ್ಬರಾವ್ ಅವರನ್ನು ಕಣಕ್ಕಿಳಿಸಿದುವು. ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದ ಅವರು ಆ ವರ್ಷದ ಏಪ್ರಿಲ್‌ನಲ್ಲಿ ರಾಜೀನಾಮೆ ನೀಡಿ ಸ್ಪರ್ಧಿಸಿದರು. ಡಾ. ಜಾಕಿರ್ ಹುಸೇನ್ ಅವರು 4,71,244 ಮತಮೌಲ್ಯ ಪಡೆದು ಗೆದ್ದರಾದರೂ, ಸುಬ್ಬರಾವ್ ಅವರಿಗೆ 3,63,971 ದೊರೆಯಿತು. ಯಾವ ಒಂದು ವಿರೋಧ ಪಕ್ಷಕ್ಕೂ ಸ್ವಂತ ಬಲದಿಂದ ಇಷ್ಟು ಮತ ಗಳಿಸುವುದು ಆಗ ಸಾಧ್ಯವಿರಲಿಲ್ಲ.

2002ರಲ್ಲಿ ಎಡಪಕ್ಷಗಳು ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್ ಅವರನ್ನು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಎದುರು ನಿಲ್ಲಿಸಿದುವು. ಕಲಾಂ ಅವರಿಗೆ 9,22,884, ಸೆಹಗಲ್ ಅವರಿಗೆ 1,07,366 ಮತಮೌಲ್ಯ ಬಂದಿತು. ಸೋಲು ಮೊದಲೇ ತಿಳಿದಿದ್ದರೂ ತಮ್ಮ ನಿಲುವನ್ನು ರಾಷ್ಟ್ರದ ಮುಂದಿಡಲು ಈ ಸ್ಪರ್ಧೆ ಅವಕಾಶ ಒದಗಿಸಿತು.

ಎರಡನೆಯ ಪ್ರಾಶಸ್ತ್ಯದ ಶಕ್ತಿ

ಸಣ್ಣ ಪಕ್ಷದ ಮತ ವ್ಯರ್ಥವಾಗುವುದೆಂಬ ಭಾವನೆ ಸರಿಯಲ್ಲ. ಈ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳ ಹೆಸರುಗಳ ಎದುರು 1, 2, 3 ಎಂದು ಪ್ರಾಶಸ್ತ್ಯ ನಮೂದಿಸುತ್ತಾರೆ. ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಪಾಲು ಯಾರಿಗೂ ಬಾರದಿದ್ದರೆ, ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ವರ್ಗಾಯಿಸಲಾಗುತ್ತದೆ.

1969ರ ಚುನಾವಣೆ ಇದಕ್ಕೆ ಉತ್ತಮ ನಿದರ್ಶನ. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ ಆಂಧ್ರದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಭಾರತೀಯ ಜನಸಂಘಗಳು ರಿಸರ್ವ್ ಬ್ಯಾಂಕಿನ ಗವರ್ನರೂ ಕೇಂದ್ರ ಅರ್ಥ ಸಚಿವರೂ ಆಗಿದ್ದ ಸಿ.ಡಿ. ದೇಶಮುಖ್ ಅವರನ್ನು ಬೆಂಬಲಿಸಿದುವು. ಪ್ರಥಮ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769 ಮತಮೌಲ್ಯ ಬಂದಿತು. ಗೆಲುವಿಗೆ ಬೇಕಾಗಿದ್ದುದು 4,18,169. ಕಣದಿಂದ ಹೊರಬಿದ್ದವರ ಮತಪತ್ರಗಳನ್ನು ವರ್ಗಾಯಿಸಿದಾಗ ಗಿರಿಯವರು 4,20,077 ಪಡೆದು ಗೆದ್ದರು. ರೆಡ್ಡಿಯವರು 4,05,427ಕ್ಕೆ ಏರಿದರು. ಸುಮಾರು 88,000ದಷ್ಟಿದ್ದ ಅಂತರ 14,650ಕ್ಕೆ ಇಳಿಯಿತು. ಮೂರನೆಯ ಸ್ಥಾನದ ಅಭ್ಯರ್ಥಿಯ ಬೆಂಬಲಿಗರ ಎರಡನೆಯ ಆಯ್ಕೆ ರಾಷ್ಟ್ರಪತಿ ಯಾರೆಂಬ ಪ್ರಶ್ನೆಯನ್ನೇ ಬದಲಿಸಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು. ಆದುದರಿಂದ ಅಭ್ಯರ್ಥಿಯನ್ನು ಆರಿಸುವಷ್ಟೇ ಎಚ್ಚರದಿಂದ ಎರಡನೆಯ ಪ್ರಾಶಸ್ತ್ಯ ಯಾರಿಗೆಂಬುದನ್ನೂ ಪಕ್ಷ ನಿರ್ಧರಿಸಬೇಕಾಗುತ್ತದೆ.

ಸಮ್ಮತಿಯ ಮಾರ್ಗ

ಅಭ್ಯರ್ಥಿಯನ್ನು ನಿಲ್ಲಿಸದೆ ಬೇರೊಬ್ಬರನ್ನು ಬೆಂಬಲಿಸುವುದೂ ಒಂದು ಆಯ್ಕೆಯೇ. 1977ರಲ್ಲಿ ಸಲ್ಲಿಕೆಯಾದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ, ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಅಲ್ಲಿಯವರೆಗೆ ಕನ್ನಡಿಗರಾದ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. 2022ರಲ್ಲಿ ಆಂಧ್ರದ ಪರಸ್ಪರ ವಿರೋಧಿಗಳಾದ ವೈ.ಎಸ್.ಆರ್. ಕಾಂಗ್ರೆಸ್ ಮತ್ತು ತೆಲುಗು ದೇಶಂ ಪಕ್ಷಗಳೆರಡೂ, ಕರ್ನಾಟಕದ ಜನತಾದಳ (ಜಾತ್ಯತೀತ) ಸಹ ಶ್ರೀಮತಿ ದ್ರೌಪದಿ ಮುರ್ಮು ಅವರನ್ನು ಬೆಂಬಲಿಸಿದುವು. ಎದುರಾಳಿ ಯಶವಂತ ಸಿನ್ಹಾ ಅವರಿಗೆ ಆಂಧ್ರಪ್ರದೇಶದಿಂದ ಒಂದು ಮತವೂ ಬರಲಿಲ್ಲ.

ಪಕ್ಷದ ತೀರ್ಮಾನ ಸದಸ್ಯರಿಗೆ ಸಲಹೆಯಷ್ಟೇ ಆಗಿರುತ್ತದೆ. ಮತದಾನ ಗುಪ್ತವಾದುದು, ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. 1969ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆ ನೀಡಿದಾಗ ಪಕ್ಷದ ಅಧಿಕೃತ ಅಭ್ಯರ್ಥಿಯೇ ಸೋತರು. ಅಭ್ಯರ್ಥಿ ತನ್ನ ಯೋಗ್ಯತೆಯಿಂದಲೇ ಮತದಾರರ ಮನವೊಲಿಸಬೇಕಾಗಿರುವುದರಿಂದ, ಸಣ್ಣ ಪಕ್ಷ ಸೂಚಿಸುವ ಹೆಸರಿಗೂ ಇಲ್ಲಿ ಬೆಲೆಯುಂಟು. ರಾಷ್ಟ್ರಪತಿಯವರು ಯಾವ ಒಂದು ಪಕ್ಷಕ್ಕೂ ಸೇರದೆ ಸಮಸ್ತ ರಾಷ್ಟ್ರವನ್ನು ಪ್ರತಿನಿಧಿಸುವವರು. ಅವರ ಆಯ್ಕೆಯಲ್ಲಿ ಸಣ್ಣ ಪಕ್ಷಗಳ ದನಿಗೂ, ಆ ಮೂಲಕ ಅವುಗಳನ್ನು ಚುನಾಯಿಸಿದ ಜನರ ದನಿಗೂ ಸ್ಥಾನವಿರುವುದು ನಮ್ಮ ಪ್ರಜಾಪ್ರಭುತ್ವದ ಹಿರಿಮೆಯಾಗಿದೆ.